ಕಾರಿನ ಮೂಗಿಗೆ ಕಲಾಯಿ

ಮುಳಬಾಗಿಲಿನ ಪೇಟೆಬೀದಿಯಲ್ಲಿ ಕಲಾಯಿ ಹಾಕುವ ಆಚಾರ್ರ ಅಂಗಡಿಗೆ ಹೋಗುವ ಹೆಂಗಸರು ಮನೆಯಲ್ಲೇ ದೇವರಿಗೆ ಕೈಮುಗಿದು ಹೊರಡುತ್ತಿದ್ದರು. ಅಷ್ಟು ಬೈಗುಳ ಅಲ್ಲಿ ಸಿಗುತ್ತಿತ್ತು. ತಂದ ತಪ್ಪಲೆಯನ್ನು ಅವರು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಒಳಗೆ ಇಣುಕಿ, ಶುರು ಮಾಡುತ್ತಿದ್ದರು. “ಏನಮ್ಮಾ, ನೀರು ಹುಯ್ಯೋ ಮುಂಚೆ ಉರಿ ಹಾಕಿದ್ಯಾ? ಒಣ ಪಾತ್ರೆ ಒಲೆ ಮೇಲಿಟ್ರೆ ಕಲಾಯಿ ನಿಲ್ತದಾ? ನಿಮ್ಮತ್ತೆ ಇಷ್ಟೂ ಹೇಳ್ಕೊಡ್ಲಿಲ್ವಾ?” ಬಂದವಳೇ ಅತ್ತೆಯಾಗಿದ್ದರೆ, ಅವಳ ಅತ್ತೆ ಸತ್ತು ಎಷ್ಟು ಕಾಲವಾಗಿದ್ದರೂ ಎಬ್ಬಿಸಿ ಬೈಯುತ್ತಿದ್ದರು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಾ ನಿಂತಿರುತ್ತಿದ್ದರು. ಬೈಸಿಕೊಂಡ ಪಾತ್ರೆ ಬೆಳ್ಳಿಯ ಹಾಗೆ ಹೊಳೆಯುತ್ತಾ ಮನೆಗೆ ಬರುತ್ತದೆ ಅನ್ನುವುದು ಅವರಿಗೆ ಗೊತ್ತಿತ್ತು.

ಹೋದ ತಿಂಗಳು ಅವರು ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಊರಲ್ಲಿ ಎಲ್ಲರೂ ಆಚಾರ್ರು ಅಂತಲೇ ಕರೆಯುತ್ತಿದ್ದೆವು, ಅಷ್ಟು ಸಾಕು. ತಾಮ್ರದ ಪಾತ್ರೆ ಬಡಿಯುವುದು, ಒಳಗೆ ತವರ ಸವರಿ ಕಲಾಯಿ ಹಾಕುವುದು, ಎರಡೂ ಅವರ ಮನೆತನದ ಕಸುಬು. ನೀಳವಾದ ಒಣಕಲು ಆಳು, ಕಿವಿಯಲ್ಲಿ ಒಂಟಿ, ಮೂಗಿನ ಕೆಳಗೆ ಸದಾ ನಸ್ಯದ ಗೆರೆ. ಮುಗಿದ ಪಾತ್ರೆಯ ಕಂಠವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಉಗುರಿನಿಂದ ಒಂದು ಸಲ ಮೀಟುತ್ತಿದ್ದರು. ಅದು ಠಣ್ ಅಂದರೆ “ಹಾಡ್ತದೆ, ತಗೊಂಡು ಹೊರಡು” ಅನ್ನುವರು. ಅನ್ನದಿದ್ದರೆ ನೀವು ಎಷ್ಟು ಅಂಗಲಾಚಿದರೂ ಕೊಡುತ್ತಿರಲಿಲ್ಲ.

ಜಂಬ ಬಹಳ. ಕೋಲಾರದಲ್ಲಿ ತಾಮ್ರ ಬಡಿಯುವವರೆಲ್ಲ ತಗಡು ತಟ್ಟುವವರು, ಮಾಲೂರಿನವರಿಗೆ ಬೆಸುಗೆ ಅಂದರೆ ಏನೆಂದೇ ತಿಳಿಯದು, ಶ್ರೀನಿವಾಸಪುರದವರ ಸುದ್ದಿ ಎತ್ತಲೇಬಾರದು. ಯಾರಾದರೂ ಎದುರು ಮಾತಾಡಿದರೆ “ಊರ್ಕೋ ರಾ” ಅಂತ ತೆಲುಗಿನಲ್ಲಿ ಬಾಯಿ ಮುಚ್ಚಿಸುತ್ತಿದ್ದರು. ಅವರ ಮನೆಮಾತು ತೆಲುಗು. ಸಿಟ್ಟು, ಮುದ್ದು ಎರಡೂ ಅದರಲ್ಲೇ ಬರುತ್ತಿದ್ದವು.

ಆ ಅಂಗಡಿಗೆ ಒಂದು ಕಟ್ಟುಪಾಡು ಇತ್ತು. ಅವರ ತಾತನ ಕಾಲದಲ್ಲಿ ಒಂದು ಮದುವೆಮನೆಗೆ ಹೊಸ ಕೊಪ್ಪರಿಗೆ ಕೊಟ್ಟಿದ್ದರಂತೆ. ಅವಸರದಲ್ಲಿ ಕಲಾಯಿ ಹಾಕಿರಲಿಲ್ಲ. ಅದರಲ್ಲಿ ಮಾಡಿದ ಹುಳಿಗೆ ತಾಮ್ರದ ಕಿಲುಬು ಇಳಿದು, ತಿಂದವರೆಲ್ಲ ಮಲಗಿದರು, ಎರಡು ಕೂಸುಗಳು ಏಳಲೇ ಇಲ್ಲ. ಅಂದಿನಿಂದ ಮನೆದೇವರ ಮುಂದೆ ಆಣೆಯಾಯಿತು: ಕಲಾಯಿ ಇಲ್ಲದ ತಾಮ್ರ ಈ ಹೊಸ್ತಿಲು ದಾಟಬಾರದು. ಆಚಾರ್ರು ಇದನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದರು ಅಂದರೆ, ಗುಡಿಯ ಗೋಪುರಕ್ಕೆ ಮಾಡಿದ ಕಳಸದ ಒಳಗೂ ತವರ ಸವರಿ ಕೊಟ್ಟರು. “ಅದರಲ್ಲಿ ಯಾರು ಅಡಿಗೆ ಮಾಡ್ತಾರೆ ಆಚಾರ್ರೇ?” ಅಂತ ಧರ್ಮದರ್ಶಿಗಳು ನಕ್ಕರೆ, “ಮಳೆನೀರು ನಿಂತು ಹಕ್ಕಿ ಕುಡಿದ್ರೆ?” ಅಂದರು. ಆ ಮಾತು ಊರಲ್ಲಿ ಗಾದೆಯಾಯಿತು. ಯಾರಾದರೂ ಬೇಡದ ಜಾಗ್ರತೆ ಮಾಡಿದರೆ “ಹಕ್ಕಿ ಕುಡಿದ್ರೆ?” ಅನ್ನುತ್ತಿದ್ದೆವು.

ನಾನು ಆಗ ಊರಿನ ಡಾಕ್ಟರ ಕಾರು ಓಡಿಸುತ್ತಿದ್ದೆ. ಡಾಕ್ಟರದು ಸ್ವಂತ ಷಾಪು, ಅಂದರೆ ದವಾಖಾನೆ. ಮನುಷ್ಯ ದಢೂತಿ, ಕಾರು ಮಾತ್ರ ಗುಬ್ಬಚ್ಚಿಯಷ್ಟು. ಅವರು ಹತ್ತಿದ ಕಡೆಗೆ ಅದು ವಾಲುತ್ತಿತ್ತು. ಎರಡನೇ ಮಹಾಯುದ್ಧ ಶುರುವಾಗಿ ಪೆಟ್ರೋಲು ಚೀಟಿಗೆ ಸಿಕ್ಕಷ್ಟೇ ಅಂತಾಯಿತು, ಆಮೇಲೆ ಚೀಟಿಗೂ ಸಿಗದಾಯಿತು. ಕಾರನ್ನು ಷಾಪಿನ ಹಿಂದಿನ ಹುಣಸೆಮರದ ಕೆಳಗೆ ನಿಲ್ಲಿಸಿದೆವು. ಸೀಟಿನ ಮೇಲೆ ಕೋಳಿ ಮೊಟ್ಟೆಯಿಡತೊಡಗಿತು. ಡಾಕ್ಟರು ನಂಗಲಿ ಕಡೆಯ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿ ಹೋಗಿಬರುತ್ತಿದ್ದರು. ಅವರು ಮುಟ್ಟುವ ಹೊತ್ತಿಗೆ ಕೆಲವು ಮನೆಗಳಲ್ಲಿ ಅಳು ಶುರುವಾಗಿರುತ್ತಿತ್ತು.

ಬಸ್ಸುಗಳೇನೋ ಹಿಂದೆ ಡ್ರಮ್ಮು ಕಟ್ಟಿಕೊಂಡು, ಇದ್ದಿಲು ಉರಿಸಿ, ಅದರ ಗ್ಯಾಸಿನಲ್ಲಿ ಓಡುತ್ತಿದ್ದವು. ನಮ್ಮ ಕಾರಿಗೂ ಹಾಗೆ ಮಾಡಿಸೋಣವೆಂದು ಕೋಲಾರದ ಬಸ್ ಷೆಡ್ಡಿಗೆ ಹೋಗಿ ಕೇಳಿದೆ. ಡ್ರಮ್ಮು ಮಾಡಿಕೊಟ್ಟರು. ತೊಡಕು ಬೇರೆ ಕಡೆ ಇತ್ತು. ಎಂಜಿನ್ನು ಗಾಳಿ ಹೀರುವ ಕವಲು ಕೊಳವೆ ಇರುತ್ತದಲ್ಲ, ಮೆಕ್ಯಾನಿಕ್ಕುಗಳು ಮ್ಯಾನಿಫೋಲ್ಡ್ ಅನ್ನುವುದು, ಅದು ನಮ್ಮ ಕಾರಿನಲ್ಲಿ ಪೆಟ್ರೋಲಿಗೆ ತಕ್ಕ ಹಾಗೆ ಬಹಳ ಇಕ್ಕಟ್ಟು. ಇದ್ದಿಲ ಗ್ಯಾಸು ಅದರಲ್ಲಿ ಸಾಲುವಷ್ಟು ನುಗ್ಗುವುದಿಲ್ಲ. “ದೊಡ್ಡ ಬಸ್ಸಿಗಾದ್ರೆ ಬದಲಿ ಸಿಗ್ತದೆ. ಈ ಆಟದ ಸಾಮಾನಿಗೆ ಯಾರು ಮಾಡ್ತಾರೆ, ಮೊಟ್ಟೆ ಇಡಿಸ್ಕೊಂಡು ಇರಿ” ಅಂದರು ಷೆಡ್ಡಿನವರು.

ಈ ಮಾತನ್ನು ನಾನು ಆಚಾರ್ರ ಅಂಗಡಿಯ ಕಟ್ಟೆಯ ಮೇಲೆ ಕೂತು ಸುಮ್ಮನೆ ಹೇಳಿದ್ದು. ಕೋಲಾರದವರು ಆಗುವುದಿಲ್ಲ ಅಂದರು ಅನ್ನುವುದೇ ಅವರಿಗೆ ಸಾಕಾಗಬಹುದು ಅಂದುಕೊಂಡೆ. ಆದರೆ ಅವರು ಜಂಬ ಕೊಚ್ಚಲಿಲ್ಲ. ಸುತ್ತಿಗೆ ಕೆಳಗಿಟ್ಟು, “ಕಾರು ಓಡಿದ್ರೆ ಕೋಲಾರದ ಆಸ್ಪತ್ರೆ ಎಷ್ಟೊತ್ತು?” ಅಂದರು. ಗಾಡಿಯಲ್ಲಿ ಒಂದು ದಿನ ಆಗುವುದು ಕಾರಿನಲ್ಲಿ ಒಂದು ಗಂಟೆ ಅಂದೆ. ಅವರ ಹೆಂಡತಿ ಎರಡನೇ ಹೆರಿಗೆಗೆ ಕಷ್ಟವಾಗಿ, ಕೋಲಾರಕ್ಕೆ ಹೋಗುವ ಎತ್ತಿನ ಗಾಡಿಯಲ್ಲೇ ಹೋಗಿಬಿಟ್ಟಿದ್ದರು. ಮೊದಲನೆಯ ಮಗಳನ್ನು ಆಚಾರ್ರ ಅಕ್ಕ, ಗಂಡ ಸತ್ತು ತಮ್ಮನ ಮನೆ ಸೇರಿದವರು, ಸಾಕಿ ಮದುವೆ ಮಾಡಿದ್ದರು. ಆ ಮಗಳು ಈಗ ಚೊಚ್ಚಲ ಬಸುರಿ, ಹೆರಿಗೆಗೆಂದು ಅಪ್ಪನ ಮನೆಗೆ ಬರುವುದಿತ್ತು.

“ಗಾಡೀಲಿ ಒಬ್ಬಳನ್ನ ಕಳ್ಕೊಂಡಿದ್ದೀನಿ ಕಣೋ” ಅಂದರು. “ನಡಿ, ನಿನ್ನ ಕಾರಿನ ಮೂಗು ತೋರ್ಸು.”

ಅವತ್ತಿನಿಂದ ಅದಕ್ಕೆ ಮೂಗು ಅಂತಲೇ ಹೆಸರಾಯಿತು.

ಅವರು ಕೆಲಸ ಮಾಡಿದ್ದನ್ನು ನಾನು ಪಕ್ಕದಲ್ಲೇ ಕೂತು ನೋಡಿದೆ. ಎಂಜಿನ್ನಿನ ಮುಖಕ್ಕೆ ಪಾತ್ರೆಯ ತಳದ ಮಸಿ ಬಳಿದು, ಮೇಲೆ ಕಾಗದ ಒತ್ತಿ, ತೂತು ಎಲ್ಲೆಲ್ಲಿ ಬರಬೇಕೆಂದು ಅಚ್ಚು ತೆಗೆದುಕೊಂಡರು. ದಪ್ಪ ತಾಮ್ರದ ತಗಡನ್ನು ಕಬ್ಬಿಣದ ಸಲಾಕೆಗೆ ಸುತ್ತಿ, ಅಂಚಿಗೆ ಅಂಚು ಕೂಡಿಸಿ, ಹಿತ್ತಾಳೆಯ ಚೂರೂ ಬಿಳಿಗಾರವೂ ಉದುರಿಸಿ ಬೆಸೆದರು. ಕೊಳವೆಯೇನೋ ಆಯಿತು. ಬಗ್ಗಿಸಿದರೆ ಮಡಚಿಕೊಳ್ಳುತ್ತದಲ್ಲ? ಅದಕ್ಕೆ ಅದರ ಹೊಟ್ಟೆಗೆ ಕರಗಿದ ರಾಳ ತುಂಬಿ ಆರಿಸಿ, ಹುಣಸೆಕೊರಡಿನ ಮೇಲಿಟ್ಟು ಸ್ವಲ್ಪ ಸ್ವಲ್ಪವೇ ತಟ್ಟಿ ಬಾಗಿಸಿದರು. ಆಮೇಲೆ ಕಾಯಿಸಿ ರಾಳ ಸುರಿದರು. ಒಂದು ಕಡೆ ಒಂದು ಬಾಯಿ, ಇನ್ನೊಂದು ಕಡೆ ಎರಡು ಬಾಯಿ, ಕವೆಗೋಲಿನ ಆಕಾರ. ಎರಡು ಬಾಯಿಗೆ ಬೆರಳು ಮುಚ್ಚಿ ಮೂರನೆಯದರಲ್ಲಿ ಊದಿ ನೋಡಿದರು. ಎಲ್ಲೂ ಸೋರಲಿಲ್ಲ. ಖುಷಿಯಾಗಿ ಬೆರಳೆತ್ತಿ ಮುಚ್ಚಿ ಓಲಗದವರ ಹಾಗೆ ಊದತೊಡಗಿದರು. ಅಷ್ಟರಲ್ಲಿ ಊರಿಗೆ ಬಂದಿದ್ದ ಮಗಳು ಬಾಗಿಲಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ನಾಯ್ನಾ, ಸಾಕು ಮಾಡು, ಎತ್ತುಗಳು ಬೆದರ್ತಾವೆ” ಅಂದಳು. ಅಪ್ಪನನ್ನು ಅವಳು ನಾಯ್ನಾ ಅನ್ನುತ್ತಿದ್ದಳು. ಆ ಊರಲ್ಲಿ ಅವರನ್ನು ಗೇಲಿ ಮಾಡುವ ಧೈರ್ಯ ಇದ್ದದ್ದು ಅವಳೊಬ್ಬಳಿಗೆ.

ಮಾರನೆಯ ದಿನ ಕೊಳವೆಯನ್ನು ಪಂಚೆಯಲ್ಲಿ ಸುತ್ತಿಕೊಂಡು ಷಾಪಿಗೆ ತಂದರು. ಬಿಚ್ಚಿದರೆ ಹೊರಗೆ ಕೆಂಪು, ಒಳಗೆ ಬೆಳ್ಳಗೆ ಫಳಫಳ. ಡಾಕ್ಟರು ನಕ್ಕರು. “ಏನು ಆಚಾರ್ರೇ, ನನ್ನ ಕಾರು ಸಾರು ಕುಡಿಯುತ್ತಾ?” “ಕುಡಿಯಲಿ ಬಿಡಲಿ ಸ್ವಾಮಿ, ನಮ್ಮ ಹೊಸ್ತಿಲು ದಾಟೋ ತಾಮ್ರಕ್ಕೆ ಕಲಾಯಿ ಇರಬೇಕು” ಅಂದರು. ನಾನು “ಹಕ್ಕಿ ಕುಡಿದ್ರೆ?” ಅಂದೆ. ಮೂವರೂ ನಕ್ಕೆವು. ಅಷ್ಟು ಚೆಂದದ ಸಾಮಾನನ್ನು ನಾನು ಎಂಜಿನ್ನಿನಲ್ಲಿ ಅದುವರೆಗೆ ನೋಡಿರಲಿಲ್ಲ. ಆಚಾರ್ರು ಅದನ್ನು ಮೀಟಿ ಕಿವಿಗೊಟ್ಟು “ಹಾಡ್ತದೆ” ಅಂದ ಮೇಲೆ ಬೋಲ್ಟು ಬಿಗಿದೆವು.

ಕಾರು ಓಡಿತು. ಕೆಮ್ಮಿಕೊಂಡು, ಹೊಗೆ ಕಾರಿಕೊಂಡು, ಆದರೂ ಓಡಿತು. ಊರ ಸುತ್ತಿನ ಹಳ್ಳಿಗಳಿಗೆ ಹೋಗಿಬಂದೆವು. ಆಚಾರ್ರು ಆಗಾಗ ಬಂದು ಬಾನೆಟ್ಟು ಎತ್ತಿಸಿ ಕೊಳವೆಯ ಮೇಲೆ ಅಂಗೈ ಇಟ್ಟು ನೋಡುತ್ತಿದ್ದರು. “ಜ್ವರದ ಮೈಯಷ್ಟು ಕೂಡ ಕಾದಿಲ್ಲ ನೋಡು” ಅಂತ ಬೀಗುತ್ತಿದ್ದರು. ಅದರ ಕೆಳಗೇ, ಒಂದು ಬೆರಳು ನುಗ್ಗುವಷ್ಟು ಜಾಗ ಬಿಟ್ಟು, ಹೊಗೆ ಹೊರಗೆ ಹೋಗುವ ಕಬ್ಬಿಣದ ಕೊಳವೆ ಇತ್ತು. ಸಣ್ಣ ಓಡಾಟದಲ್ಲಿ ಅದು ತನ್ನ ಉಗ್ರರೂಪ ತೋರಿಸಿರಲಿಲ್ಲ. ಕೋಲಾರದವರೆಗೆ ನಾವು ಒಂದು ಸಲವೂ ಹೋಗಿರಲಿಲ್ಲ.

ಮಗಳಿಗೆ ನೋವು ಬಂದದ್ದು ಒಂದು ಬೆಳಗಿನ ಜಾವ. ಮಧ್ಯಾಹ್ನದ ಹೊತ್ತಿಗೆ ಡಾಕ್ಟರು ಹೊರಗೆ ಬಂದು, “ಮಗು ಅಡ್ಡಬಿದ್ದಿದೆ, ಇಲ್ಲಿ ಆಗೋದಿಲ್ಲ, ಕೋಲಾರಕ್ಕೆ ಹೊರಡಿಸಿ” ಅಂದರು. ಇದ್ದಿಲ ಗ್ಯಾಸಿಗೆ ಶಕ್ತಿ ಕಮ್ಮಿ, ಭಾರ ಹೆಚ್ಚಾದರೆ ಏರಿನಲ್ಲಿ ಇಳಿದು ತಳ್ಳಬೇಕು. ಅದಕ್ಕೇ ಡಾಕ್ಟರು ತಾವು ಹತ್ತಲಿಲ್ಲ. ಹಿಂದಿನ ಸೀಟಿನಲ್ಲಿ ಮಗಳು, ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಚಾರ್ರ ಅಕ್ಕ. ಮುಂದೆ ನಾನು, ಪಕ್ಕದಲ್ಲಿ ಆಚಾರ್ರು.

ಬಿಸಿಲು ಸುಡುತ್ತಿತ್ತು. ನಾನು ಎಂದೂ ಒತ್ತದಷ್ಟು ಒತ್ತಿದೆ. ಕಾರು ಗೋಳಾಡುತ್ತಲೇ ಹೋಯಿತು. ದೂರದಲ್ಲಿ ಕೋಲಾರದ ಬೆಟ್ಟ ಕಂಡಾಗ ಆಚಾರ್ರು ಹಿಂದಕ್ಕೆ ತಿರುಗಿ, “ಚೂಡಮ್ಮಾ, ನೋಡು, ಬೆಟ್ಟ ಕಾಣ್ತಾ ಇದೆ, ಬಂದೇಬಿಟ್ವಿ” ಅಂದರು. ಉದ್ದನೆಯ ಏರು ಒಂದಿತ್ತು. ಅದರ ನಡುವೆ ಎಂಜಿನ್ನು ಎರಡು ಸಲ ಪಟಪಟ ಸಿಡಿಯಿತು, ಕುಂಟಿತು, ನಿಂತಿತು. ಹ್ಯಾಂಡಲ್ ಹಾಕಿ ತಿರುಗಿಸಿದೆ. ಉಸಿರೇ ಇಲ್ಲದ ಹಾಗೆ ಸಲೀಸಾಗಿ ತಿರುಗಿತು. ಒಳಗೆ ಏನೋ ಮುಚ್ಚಿಕೊಳ್ಳದೆ ನಿಂತುಬಿಟ್ಟಿದೆ ಅನ್ನುವುದು ತಿಳಿಯಿತು, ಏನೆಂದು ತಿಳಿಯಲಿಲ್ಲ.

ಹಿಂದಿನಿಂದ ಮಗಳ ದನಿ ಬಂತು. ಎರಡು ನೋವಿನ ನಡುವೆ ಸಿಕ್ಕ ಉಸಿರಿನಲ್ಲಿ, “ನಾಯ್ನಾ, ನಿನ್ನ ಮೂಗು ಕಟ್ಕೊಂಡ್ತಾ?” ಅಂದಳು. ಅಪ್ಪ ಹೆದರಬಾರದೆಂದು ಅವಳು ನಗಿಸಲು ನೋಡಿದ್ದು. ಇಷ್ಟು ವರ್ಷವಾದರೂ ಆ ದನಿ ನನ್ನ ಕಿವಿಯಿಂದ ಹೋಗಿಲ್ಲ.

ಆಚಾರ್ರು ನನ್ನ ಕೈಯಿಂದ ಸ್ಪ್ಯಾನರು ಕಿತ್ತುಕೊಂಡು ತಾವೇ ಬೋಲ್ಟು ಬಿಚ್ಚಿದರು. ಕೆಳಗಿನ ಕಬ್ಬಿಣದ ಕೊಳವೆ ನಿಗಿನಿಗಿ ಕೆಂಪಗಿತ್ತು. ಬಟ್ಟೆ ಕೂಡ ಸುತ್ತಿಕೊಳ್ಳದೆ ತಾಮ್ರದ ಕವಲನ್ನು ಹೊರಗೆಳೆದು, ಬಾಯಿ ಕೆಳಗೆ ಮಾಡಿ ಕೊಡವಿದರು. ಅಂಗೈಗೆ ಹನಿಗಳು ಬಿದ್ದವು. ಬೆಳ್ಳಗೆ, ಹೊಳೆಯುತ್ತಾ. ಮಿಕ್ಕದ್ದು ಎಂಜಿನ್ನಿನ ಒಳಕ್ಕೆ ಹರಿದು ವಾಲ್ವಿನ ಬಾಯಲ್ಲಿ ಹೆಪ್ಪುಗಟ್ಟಿತ್ತು.

ಚರ್ಮ ಸುಟ್ಟ ವಾಸನೆ ಬಂತು. ಅವರು ಅಂಗೈ ಕೊಡವಲಿಲ್ಲ. ನನ್ನ ಮುಖವನ್ನೇ ನೋಡುತ್ತಾ, ತೀರ ಮೆಲ್ಲಗೆ, “ಒಣ ಪಾತ್ರೆ ಕಣೋ” ಅಂದರು. “ನಾನೇ ಒಲೆ ಮೇಲೆ ಒಣ ಪಾತ್ರೆ ಇಟ್ಟುಬಿಟ್ಟೆ.”

ಊರಿನ ಹೆಂಗಸರಿಗೆಲ್ಲ ಬೈದು ಬೈದು ಕಲಿಸಿದ ಪಾಠ ಅದು. ನೀರಿದ್ದರೆ ಕಲಾಯಿ ಉರಿಯನ್ನು ತಡೆಯುತ್ತದೆ, ಇಲ್ಲದಿದ್ದರೆ ಕರಗುತ್ತದೆ. ಆ ಕೊಳವೆಯಲ್ಲಿ ಗಾಳಿ ಬಿಟ್ಟು ಇನ್ನೇನು ಇತ್ತು? ಅವರಿಗೆ ಹೊಳೆಯಲಿಲ್ಲ, ಡಾಕ್ಟರಿಗೆ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಪಾತ್ರೆ ಅಂದರೆ ನೀರಿರುತ್ತದೆ ಅಂದುಕೊಂಡೇ ಬದುಕಿದವರು ನಾವು.

ಬಹಳ ಹೊತ್ತಾದ ಮೇಲೆ ನಂಗಲಿ ಕಡೆಯಿಂದ ಒಂದು ಹುಲ್ಲಿನ ಲಾರಿ ಬಂತು. ಹುಲ್ಲಿನ ಮೇಲೆ ಅವಳನ್ನು ಮಲಗಿಸಿಕೊಂಡು ಆಸ್ಪತ್ರೆ ಮುಟ್ಟಿದೆವು. ಮಗು ಉಳಿಯಿತು, ಹೆಣ್ಣು. ತಾಯಿ ದೀಪ ಹಚ್ಚುವ ಹೊತ್ತಿಗೆ ಹೋದಳು. ಆಚಾರ್ರು ಆಸ್ಪತ್ರೆಯ ಜಗುಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಸುಟ್ಟ ಕೈಗೆ ಪಟ್ಟಿ ಕಟ್ಟಲು ಬಂದವನಿಗೆ ಮುಷ್ಟಿ ಬಿಚ್ಚಲಿಲ್ಲ. ಅದರೊಳಗೆ ಏನಿದೆಯೆಂದು ನನಗೆ ಗೊತ್ತಿತ್ತು.

ಡಾಕ್ಟರು ಅವರ ಮನೆಗೆ ಹೋಗಿ ಸಮಾಧಾನ ಹೇಳಿದರು. “ಕಾರು ನಿಲ್ಲದೆ ಹೋಗಿದ್ರೂ ಏನಾಗ್ತಿತ್ತೋ ಹೇಳೋಕಾಗಲ್ಲ ಆಚಾರ್ರೇ.” ಅವರು ತಲೆಯೆತ್ತಿ, “ಬದುಕ್ತಿರಲಿಲ್ಲ ಅಂತ ಹೇಳಿ ಸ್ವಾಮಿ, ನಂಬ್ತೀನಿ. ಹೇಳೋಕಾಗಲ್ಲ ಅನ್ನಬೇಡಿ” ಅಂದರು. ಡಾಕ್ಟರು ಸುಳ್ಳು ಹೇಳುವ ಮನುಷ್ಯರಲ್ಲ. ಕಣ್ಣು ಒರೆಸಿಕೊಂಡು ಎದ್ದುಬಂದರು.

ಅಂಗಡಿ ಇನ್ನು ತೆರೆಯುವುದಿಲ್ಲ ಅಂದುಕೊಂಡಿದ್ದೆವು. ಕರ್ಮಾಂತರ ಮುಗಿದ ಕೆಲವು ದಿನಕ್ಕೆ ಸುತ್ತಿಗೆಯ ಸದ್ದು ಕೇಳಿಸಿತು. ಎತ್ತು ಕಟ್ಟಿ ಎಳೆಸಿ ತಂದ ಕಾರಿನ ವಾಲ್ವುಗಳಿಂದ ತವರ ಕೆರೆದು ನಾನು ಸರಿಮಾಡಿಟ್ಟಿದ್ದೆ. ಒಂದು ಬೆಳಿಗ್ಗೆ ಆಚಾರ್ರು ಷಾಪಿನ ಹಿಂದಕ್ಕೆ ಬಂದರು. ಕೈಯಲ್ಲಿ ಹೊಸ ಕವಲು ಕೊಳವೆ. ಈ ಸಲ ಪಂಚೆಯಲ್ಲಿ ಸುತ್ತಿರಲಿಲ್ಲ. ಪೇಟೆಬೀದಿಯ ಉದ್ದಕ್ಕೂ ಎಲ್ಲರಿಗೂ ಕಾಣುವ ಹಾಗೆ ಹಿಡಿದುಕೊಂಡು ಬಂದಿದ್ದರು. ಬಗ್ಗಿ ನೋಡಿದೆ. ಹೊರಗೆ ಕೆಂಪು, ಒಳಗೂ ಕೆಂಪು. ಹೊಗೆಕೊಳವೆಯಿಂದ ದೂರ ಇರಲೆಂದು ಬಾಗನ್ನು ಮೇಲಕ್ಕೆ ಎತ್ತಿ ಮಾಡಿದ್ದರು.

“ಆಚಾರ್ರೇ, ಮನೆದೇವರ ಆಣೆ?” ಅಂದೆ.

“ಇನ್ನೊಬ್ಬರ ಮಗಳು ಕೋಲಾರಕ್ಕೆ ಹೋಗಬೇಕಲ್ಲಪ್ಪ” ಅಂದರು. “ದೇವರ ಹತ್ರ ನಾನು ಮಾತಾಡ್ಕೋತೀನಿ. ಬೋಲ್ಟು ತೆಗಿ.”

ಅದನ್ನು ಅವರು ಮೀಟಿ ನೋಡಲಿಲ್ಲ. ಹಾಡ್ತದೆ ಅನ್ನಲಿಲ್ಲ. ಆಮೇಲೆ ಯಾವ ಪಾತ್ರೆಯನ್ನೂ ಅವರು ಮೀಟಿದ್ದನ್ನು ನಾನು ಕಾಣೆ.

ಆ ಕೊಳವೆ ಯುದ್ಧ ಮುಗಿದು ಪೆಟ್ರೋಲು ಬರುವವರೆಗೂ ದುಡಿಯಿತು. ಎಷ್ಟೋ ಹೆಂಗಸರನ್ನು ಅದೇ ಸೀಟಿನಲ್ಲಿ ಕೋಲಾರಕ್ಕೆ ಕರೆದುಕೊಂಡು ಹೋದೆ. ಕಾರು ಪೇಟೆಬೀದಿ ದಾಟುವಾಗ ಆಚಾರ್ರು ಕೆಲಸ ಬಿಟ್ಟು ಹೊರಗೆ ಬಂದು ನಿಲ್ಲುತ್ತಿದ್ದರು. ನಾನು ವಾಪಸು ಬಂದಾಗ ಕೇಳುತ್ತಿದ್ದದ್ದು ಒಂದೇ ಮಾತು, “ಮುಟ್ಟಿಸಿದ್ಯಾ?” ಮುಟ್ಟಿಸಿದೆ ಅಂದರೆ ಒಳಗೆ ಹೋಗುತ್ತಿದ್ದರು. ಹೆಣ್ಣೋ ಗಂಡೋ ಎಂದು ಸಹ ಕೇಳುತ್ತಿರಲಿಲ್ಲ.

ಬೈಯುವುದು ನಿಂತುಹೋಯಿತು. ಕರಗಿದ ಕಲಾಯಿಯ ಪಾತ್ರೆ ತಂದರೆ ಸುಮ್ಮನೆ ತೆಗೆದು ಪಕ್ಕಕ್ಕಿಡುವರು. ಹೆಂಗಸರಿಗೆ ಅದೇ ಸಂಕಟ. ಒಬ್ಬ ಮುದುಕಿ ತಡೆಯಲಾರದೆ, “ಒಂದು ಸಲ ಬೈಯಪ್ಪ, ನಮಗೂ ಸಮಾಧಾನ ಆಗ್ಲಿ” ಅಂದಳು. “ಬೈಯೋ ಬಾಯಿ ಹೋಯ್ತಮ್ಮ” ಅಂದರು.

ಒಂದು ಸಂಗತಿ ಮಾತ್ರ ಊರಿಗೆ ತಿಳಿಯದು. ಅಳಿಯ ಬೇರೆ ಮದುವೆಯಾದ, ಕೂಸು ಇವರ ಮನೆಯಲ್ಲೇ ಉಳಿಯಿತು. ಅಕ್ಕ ಎರಡನೇ ಸಲ ತಾಯಿಯಿಲ್ಲದ ಹೆಣ್ಣುಮಗುವನ್ನು ಕಾಲ ಮೇಲೆ ಹಾಕಿಕೊಂಡು ಕೂತರು. ಆ ದಿನಗಳಲ್ಲೇ ಒಮ್ಮೆ ಅಂಗಡಿಗೆ ಹೋದಾಗ, ಆಚಾರ್ರು ಕೂಸಿಗೆ ಹಾಲು ಹುಯ್ಯುವ ಸಣ್ಣ ಒಳಲೆ ಮಾಡುತ್ತಿದ್ದರು. ಅಂಗೈಯಷ್ಟು ತಾಮ್ರ, ಮುಂದೆ ಕೊಕ್ಕು. ಒಲೆಯ ಮೇಲೆ ಅದನ್ನು ಕಾಯಿಸಿ, ಸೊಂಟದ ಗಂಟಿನಿಂದ ಏನೋ ತೆಗೆದು ಒಳಗೆ ಹಾಕಿದರು. ಅವೇ ಹನಿಗಳು. ಹತ್ತಿಯಿಂದ ಸವರಿದರು. ತಾಮ್ರ ಬೆಳ್ಳಗಾಯಿತು.

“ಆಚಾರ್ರೇ, ಆ ತವರಾನಾ?” ಅಂದೆ.

“ತವರ ಏನು ತಪ್ಪು ಮಾಡ್ತೋ?” ಅಂದರು. “ಹಾಕಿದ ಜಾಗ ತಪ್ಪು. ಇದರ ಜಾಗ ಇದು.” ಅಂದು, ಒಳಲೆಯನ್ನು ಸುಟ್ಟ ಅಂಗೈಯಲ್ಲಿ ಇಟ್ಟುಕೊಂಡು ಅತ್ತರು. ನಾನು ಅವರ ಪಕ್ಕದಲ್ಲಿ ಕೂತು ಅತ್ತೆ.

ಮೊನ್ನೆ ಆ ಕೂಸು ನನ್ನ ಮನೆಗೆ ಬಂದಿತ್ತು. ಕೂಸು ಅನ್ನುತ್ತೇನೆ, ಈಗ ತುಂಬಿದ ಬಸುರಿ. ಅದೇ ಒಳಲೆ ತಂದಿದ್ದಳು. ತಾತ ಸಾಯುವವರೆಗೂ ಇದಕ್ಕೊಂದಕ್ಕೆ ಮರುಕಲಾಯಿ ಹಾಕಲಿಲ್ಲವಂತೆ, ಕೇಳಿದರೆ “ಇರೋದು ಇರ್ಲಿ” ಅನ್ನುತ್ತಿದ್ದರಂತೆ. ಬೆಳಕಿಗೆ ಹಿಡಿದು ನೋಡಿದೆ. ಅವಳು ಕುಡಿದು ಬೆಳೆದಷ್ಟೂ ತವರ ಸವೆದಿತ್ತು. ಎಲ್ಲ ಕಡೆ ತಾಮ್ರ ಎದ್ದಿತ್ತು, ಕೊಕ್ಕಿನ ಬುಡದಲ್ಲಿ ಮಾತ್ರ ಒಂದು ಚೂರು ಬಿಳುಪು ಉಳಿದಿತ್ತು.

“ಮಾಮ, ನಾಳೆ ನನ್ನ ಕೂಸಿಗೂ ಇದರಲ್ಲೇ ಹಾಲು ಹುಯ್ಯಬೇಕು. ಹೀಗೇ ಹುಯ್ಯಬಹುದಾ, ಕಲಾಯಿ ಹಾಕಿಸ್ಲಾ?”

“ಹಾಕಿಸಮ್ಮ” ಅಂದೆ. “ನಿಮ್ಮ ತಾತ ಕಲಾಯಿ ಇಲ್ಲದ ತಾಮ್ರ ಯಾರಿಗೂ ಕೊಟ್ಟವರಲ್ಲ. ಒಂದೇ ಒಂದು ಸಲ ಕೊಟ್ಟರು.” ಯಾವಾಗ ಅಂದಳು. ತಾಯಿ ಸತ್ತದ್ದು ಹೇಗೆಂದು ಅವಳಿಗೆ ಗೊತ್ತಿತ್ತು. ಮಿಕ್ಕದ್ದನ್ನು, ಎರಡನೆಯ ಕೊಳವೆಯನ್ನು, ಈ ಒಳಲೆಯ ತವರವನ್ನು, ನಾನು ಹೇಳಿದೆ.

ಅವಳು ಒಳಲೆಯ ಕೊಕ್ಕಿನ ಬುಡದ ಆ ಬಿಳುಪನ್ನು ಬೆರಳಿನಿಂದ ಸವರಿದಳು. ಹೊರಡುವಾಗ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಅಂದಳು:

“ಕಲಾಯಿ ಹಾಕೋ ಮುಂಚೆ ಹಳೇದನ್ನ ಕೆರೀತಾರಲ್ಲ ಮಾಮ. ಆ ಒಂದು ಚೂರು ಕೆರೀಬೇಡಿ, ಅದರ ಮೇಲೇ ಹಾಕಿ ಅಂತ ಹೇಳ್ತೀನಿ.”